ನೀಲಿ ಹಾಳೆಯಲ್ಲಿ ಕಾಣದ ಪಟ್ಟಿ

ಒಂದೇ ಗಡ್ಡೆ. ಕೀಮೋ ಕೊಟ್ಟ ಮೇಲೆ ತೆಗೆದ ಒಂದೇ ಚೂರು. ಹಾಗಿದ್ದರೆ ಎರಡು ಹಾಳೆ ಎರಡು ಮಾತಾಡುವುದು ಹೇಗೆ?

ಯೋಗ್ಯಕರ್ತ ನಗರದ ಆಸ್ಪತ್ರೆ ಲ್ಯಾಬಿನಲ್ಲಿ ತಪಾಸಣೆಯ ಹೊಣೆ ಹೊತ್ತ ವೆನಿಂಗ್ ಎರಡನ್ನೂ ಬೆಳಕಿಗೆ ಹಿಡಿದಳು. ಗಡ್ಡೆಯ ರಸ ಹಾಯಿಸಿದ ಜೆಲಟಿನ್ ಹಾಳೆಗೆ ನೀಲಿ ಬಣ್ಣ. ಮಾಂಸ ಕರಗಿಸಿ ಕ್ಯಾನ್ಸರಿಗೆ ದಾರಿ ಬಿಡಿಸುವ ಕಿಣ್ವ ಜೆಲಟಿನ್ನನ್ನೂ ತಿನ್ನುತ್ತದೆ. ತಿಂದ ಕಡೆ ಬಿಳಿ ಪಟ್ಟಿ. ಇವತ್ತು ಅವಳೇ ಮಾಡಿದ ಹಾಳೆಯಲ್ಲಿ ಪಟ್ಟಿಗಳು ದಪ್ಪಗಿದ್ದವು. ಹಳೆಯದರಲ್ಲಿ ಅದೇ ಚೂರಿನ ಸಾಲಿನಲ್ಲಿ—ಒಂದೂ ಇಲ್ಲ.

ಆ ಹಳೆಯದನ್ನು ನಂಬಿ, ಕೀಮೋ ಫಲಿಸಿದೆಯೆಂದು ಮದ್ದು ಬದಲಿಸದೆ ಬಿಟ್ಟರು. ಗಡ್ಡೆಯಿದ್ದ ಲಾರಸ್ ಸತ್ತಳು.

“ನಿಮ್ಮ ಮದ್ದಿಗೆ ಹೆಸರು ಬರಲಿ ಅಂತ ಏನಾದ್ರೂ ಮಾಡಿದ್ರಾ, ಡಾಕ್ಟ್ರೇ?” ಎಂದಳು ವೆನಿಂಗ್.

“ನಾಲಿಗೆ ಹಿಡಿತದಲ್ಲಿರ್ಲಿ,” ಎಂದರು ಲಾರಸಳಿಗೆ ಕೀಮೋ ಕೊಡುತ್ತಿದ್ದ ಡಾಕ್ಟರ್ ವಿದಾಗ್ದೊ. “ಬೇರೆ ಮದ್ದು ಬರೆದಿದ್ದೆ. ಲಾರಸೇ ನಗ್ತಾ ಫೋನಲ್ಲಿ ಆ ಹಳೇ ಹಾಳೆಯ ಫೋಟೋ ತೋರಿಸಿದ್ಲು. ಹಾಳೆ ತರಿಸಿ ನೋಡ್ದೆ, ಬರೆದಿದ್ದನ್ನ ಹೊಡೆದುಹಾಕ್ದೆ. ಕರೆಂಟ್ ಹೋಗಿ ಫ್ರೀಜರಲ್ಲಿದ್ದ ಚೂರು ಕೆಟ್ಟಿತ್ತೇನೋ?”

“ಕೆಟ್ಟಿದ್ರೆ ಇವತ್ತಿಂದೂ ಕೆಡ್ಬೇಕಿತ್ತಲ್ಲ.”

ಸಂಜೆ ಜಾತ್ಮಿಕೊ ಬಂದ. ಲಾರಸಳ ಗಂಡ, ಇದೇ ಲ್ಯಾಬಿನವನು. ಅವಳು ಸತ್ತ ಏಳನೇ ದಿನದ ಪ್ರಾರ್ಥನೆಯ ಊಟದ ಡಬ್ಬಿ ಹಂಚುತ್ತಿದ್ದ.

“ಕೂತ್ಕೊ ತಮ್ಮಾ. ಹಳೇ ಹಾಳೆ ಮಾಡಿದ್ದು ಯಾರು?”

“ನಾನೇ ಅಕ್ಕ.”

“ಕಿಣ್ವ ಆರೋಗ್ಯದ ಮಾಂಸದಲ್ಲೂ ಒಂಚೂರು ಇರತ್ತೆ, ಗಾಯ ಮಾಯೋಕೆ. ನಿನ್ನ ಹಾಳೇಲಿ ಈ ಚೂರಿನ ಸಾಲಲ್ಲಿ ಆ ತೆಳು ಗೆರೇನೂ ಇಲ್ಲ. ಯಾವ ಕೀಮೋನೂ ಹೀಗೆ ಗುಡಿಸಿ ಸಾರಿಸಲ್ಲ. ಪಕ್ಕದಲ್ಲೇ ಕೀಮೋಗೆ ಮುಂಚಿನ ಚೂರು ಪಟ್ಟಿ ಬಿಟ್ಟಿದೆ, ಅಂದ್ರೆ ಹಾಳೆ ಸರಿಯಿದೆ. ಕಿಣ್ವವನ್ನ ಬೇರುಸಹಿತ ಕೊಲ್ಲೋದು ಕುದಿನೀರು. ಕುದಿಸಿದ್ಯಾ?”

ಅವನು ಡಬ್ಬಿಯ ದಾರ ಬಿಗಿ ಮಾಡಿದ.

“ಮತ್ತೆ, ಆ ಫೋಟೋ ಲಾರಸ್ ಕೈಗೆ ಕೊಟ್ಟೋರು ಯಾರು?”

“ಅವಳು ಊಟ ಬಿಟ್ಟಿದ್ಲು ಅಕ್ಕ. ಕಾಯಿಲೆಯವರ ಮುಂದೆ ಕೆಟ್ಟದ್ದು ಹೇಳ್ಬಾರ್ದು ಅಂತ ಅಮ್ಮ, ಅತ್ತೆ, ಊರೆಲ್ಲ... ಕುದಿಸ್ದೆ, ಫೋಟೋ ತೋರಿಸ್ದೆ. ಅವತ್ತು ಎರಡನೇ ಸಲ ಅನ್ನ ಹಾಕಿಸ್ಕೊಂಡ್ಲು. ಡಾಕ್ಟ್ರಿಗೆ ತೋರಿಸ್ತಾಳೆ ಅಂತ ನಂಗೇನು ಗೊತ್ತು?”

“ತೋರಿಸಿದಾಗ ನೀನೆಲ್ಲಿದ್ದೆ?”

“ಪಕ್ಕದಲ್ಲೇ.”

“ಬಾಯಿ ಸತ್ತಿತ್ತಾ?” ವೆನಿಂಗ್ ಮೇಜು ಗುದ್ದಿದಳು. “ಒಂದು ಮಾತು ಕಣೋ. ಒಂದೇ.”

“ಅವಳೆದುರಿಗೇ ಹೇಳ್ಬೇಕಿತ್ತಲ್ಲಕ್ಕ.”

ಜಾತ್ಮಿಕೊ ಹಳೆಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಆ ಬೇರೆ ಮದ್ದು ಕೊಟ್ಟಿದ್ರೆ... ಉಳೀತಿದ್ಲಾ?”

ಗೊತ್ತಿಲ್ಲವೆಂಬುದೇ ನಿಜ. ವೆನಿಂಗ್ ಬಾಯಿಗೆ ಮಾತ್ರ ಬಂದದ್ದು ಕೆಟ್ಟದ್ದು ಹೇಳಬಾರದೆನ್ನುವ ಊರಿನದೇ ಮಾತು: “ಇಲ್ಲ ಕಣೋ. ಉಳೀತಿರ್ಲಿಲ್ಲ.”

ಅವನು ಅವಳ ಮುಖ ನೋಡಿದ. ಹಾಗೆ ಹೇಳುವುದು ಅವನಿಗೂ ಬರುತ್ತಿತ್ತು.