ತೋಳದ ಹಾಳಿಯ ಅಂಚು

ನಮ್ಮ ಆಡಿನ ಮರೀನ ನಾಯಿ ಹೊತ್ಕೊಂಡು ಹೋಗ್ಯಾವು ಅನ್ನೋರು ಮೊದಲು ಪೂರ್ತಿ ಕೇಳ್ರಿ.

ಎಪ್ಪತ್ತೆಂಟರ ಬ್ಯಾಸಗಿ. ಕೊಟ್ಟೂರಿನಾಗ ಹಳೇ ಪುಸ್ತಕಕ್ಕ ರಟ್ಟು ಕಟ್ಟೋದು ನನ್ನ ಕಸುಬು. ಅಂಚು ಕತ್ತರಿಸಿದಾಗ ಬೀಳೋ ಕಾಗದದ ಚೂರೆಲ್ಲ ನಮ್ಮ ಆಡಿಗೆ. ಮೈದಾ ಅಂಟಿನ ರುಚಿಗೆ ಅದು ಚೂರು ತುಂಬಿದ ಚೀಲಾನೂ ನೆಕ್ಕತಿತ್ತು.

ಅವತ್ತು ಹಡಗಲಿಯ ಮಾಸ್ತರೊಬ್ಬರು ಕಾಡುಪ್ರಾಣಿಗಳ ಬಣ್ಣದ ಚಿತ್ರದ ಪುಸ್ತಕ ಕೊಟ್ಟುಹೋಗಿದ್ರು. ಅದರಾಗ ತೋಳದ ಚಿತ್ರ ಹಾಳಿಯ ಅಂಚಿನ ತನಕ ಇತ್ತು. ಕತ್ತರಿಸುವಾಗ ಅದರ ಮೂತಿಯ ತುದಿ ಚೂರಿನ ಜತಿಗೆ ಹೋತು. ಆ ಚೂರು ಕೈಗೆ ಬೆಚ್ಚಗ ಹತ್ತಿತು. ಬಿಸಿಲು ಅಂದ್ಕೊಂಡೆ.

ಅದನ್ನ ಮುಂದ ಹಿಡದ್ರ ಆಡು ಮೂಸಿ ಹಿಂದಕ್ಕ ಸರೀತು. ದಿನಾ ತಿನ್ನೋದಕ್ಕ ಇವತ್ತೇನು ಸೊಕ್ಕು ಅಂತ ಸಿಟ್ಟು ಬಂತು. ಕಿವಿ ಹಿಡದು ಬಾಯಾಗ ತುರುಕಿದೆ. ನುಂಗಿತು.

ಸಂಜಿಗೆ ನನ್ನ ಹೆಂಡ್ತಿ ಬಿಬಿಜಾನ್ ಅಂಗಳದಾಗಿಂದ ಕರದಳು. "ಮರಿ ಮೊಲಿಗೆ ಹೋಗವಲ್ದು, ನೋಡ್ರಿ."

ಹುಟ್ಟಿ ವಾರ ಆಗಿದ್ದ ಮರಿ. ತಾಯಿ ಕರದಷ್ಟೂ ಗ್ವಾಡಿಗೆ ಒತ್ತಿಕೊಂಡು ನಡುಗ್ತಿತ್ತು. ಆಡು ಕರಿಯೋದೂ ಎಂದಿನಂಗ ಇರಲಿಲ್ಲ. ದನಿ ಗಂಟಲಾಗೇ ಗುರುಗುಡ್ತಿತ್ತು.

"ಇದಕ್ಕ ಏನು ತಿನಿಸೀರಿ?"

"ಕಾಗದ. ಮತ್ತೇನು ತಿನಿಸ್ಲಿ? ಹಸದ್ರ ಮರಿ ತಾನಾ ಹೋಗ್ತೈತಿ, ನಡಿ ಒಳಗ."

ಮುಂಜಾನೆ ಮರಿ ಇರಲಿಲ್ಲ. ಅಂಗಳದ ಬಾಗಿಲಿಗೆ ಅಗಳಿ ಹಾಕಿದ್ದು ಹಾಕಿದಂಗ ಇತ್ತು. ಆಡು ಗೂಟಕ್ಕ ಕಟ್ಟಿದಲ್ಲೇ ಮಲಗಿತ್ತು. ಅದರ ಮುಂದ ಹಾಕಿದ್ದ ಸೊಪ್ಪಿನಾಗ ಒಂದು ಎಲಿನೂ ಕಡದಿರಲಿಲ್ಲ. ಹೊಟ್ಟಿ ಮಾತ್ರ ತುಂಬಿತ್ತು.