ಕೆಂಪು ಇಂಕಿನ ಗರಿಗಳು

"ಇದು ನನ್ನ ಅಕ್ಷರ."

ಚಿತ್ರಕಲೆ ಕೋಣೆಯ ಬಾಗಿಲಲ್ಲಿ ನಿಂತವಳ ದನಿ ತಣ್ಣಗಿತ್ತು. ಆ ದನಿಗೆ ಕೊನೆಯ ಬೆಂಚಿನವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಗಣಿತದ ಟೀಚರ್ ಅವಳು. ಗೆರೆ ಕೂದಲೆಳೆಯಷ್ಟು ಓರೆಯಾದರೂ ಅಳಿಸಿ ಮತ್ತೆ ಹಾಕಿಸುತ್ತಾಳೆಂದು ಮಕ್ಕಳು ಇಟ್ಟ ಹೆಸರು ಸ್ಕೇಲ್ ಮೇಡಂ.

ಎದುರಿಗೆ ಸ್ಟೂಲಿನ ಮೇಲೆ ನಿಂತಿದ್ದವನು ಹೊಸದಾಗಿ ಬಂದ ಚಿತ್ರಕಲೆ ಮೇಷ್ಟ್ರು. ಅವನ ಬೆನ್ನಿಗೆ ಎರಡು ರೆಕ್ಕೆ! ಒಂದೊಂದು ಗರಿಯೂ ಅವಳು ತಿದ್ದಿ ಕೊಟ್ಟ ಕಿರುಪರೀಕ್ಷೆಯ ಹಾಳೆ.

"ರದ್ದಿಗೆ ಹೊರಟಿತ್ತು ಮೇಡಂ, ಎತ್ಕೊಂಡೆ," ಎಂದ ಅವನು, ಇಳಿಯುವ ಯೋಚನೆಯೇ ಇಲ್ಲದವನಂತೆ. "ಬೇರೆ ಟೀಚರ್‌ಗಳ ಹಾಳೆನೂ ನೋಡಿದೆ. ಇಷ್ಟೊಂದು ಕೆಂಪು ಯಾರ ಹತ್ರಾನೂ ಸಿಗಲಿಲ್ಲ."

ನಗಬಾರದು... ನಗಲೇಬಾರದು ಅಂದುಕೊಂಡಳು. ತುಟಿ ಅವಳ ಮಾತು ಕೇಳಲಿಲ್ಲ. ಅಷ್ಟರಲ್ಲಿ ಎಡ ಹೆಗಲಿನ ಬ್ಯಾಗು ಜಾರಿ ದೊಪ್ಪೆಂದು ಬಿತ್ತು.

"ಥೂ, ದರಿದ್ರ ಬ್ಯಾಗು. ದಿನಾ ಇದೇ ಗೋಳು," ಎಂದು ಎತ್ತಿ ಬಲಕ್ಕೆ ಹಾಕಿಕೊಂಡಳು.

ಬೈಯಲು ಬಂದವಳು ಒಂದು ಗಂಟೆ ಅಲ್ಲೇ ಕೂತಳು ಅಂದರೆ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ.

ಅವನು ಹಾಳೆಯನ್ನು ಓರೆಯಾಗಿ ಕತ್ತರಿಸುತ್ತಿದ್ದ. ನಡುವೆ ಸಣ್ಣ ತಂತಿ ಇಟ್ಟು, ಮೇಲೊಂದು ಹಾಳೆ ಅಂಟಿಸಿ, ಅಂಚನ್ನು ಪುಟ್ಟ ಕತ್ತರಿಯಿಂದ ಎಳೆ ಎಳೆಯಾಗಿ ಸೀಳುತ್ತಿದ್ದ. ತಪ್ಪು ಗುರುತುಗಳೆಲ್ಲ ಗರಿಯ ತುದಿಗೇ ಬರಬೇಕು. ದೂರದಿಂದ ನೋಡಿದರೆ ಅಂಚಿಗೆ ಕೆಂಪು ಹತ್ತಿದ ಬಿಳಿ ಹಕ್ಕಿ. ಹತ್ತಿರ ಬಂದರೆ ಏಳನೇ ತರಗತಿಯ ಭಿನ್ನರಾಶಿ.

ಶಾಲೆ ಬಿಟ್ಟ ಮೇಲೆ ದಿನವೂ ಏನಾದರೊಂದು ಮಾಡುತ್ತಿದ್ದ. ರಟ್ಟಿನ ಮುಖವಾಡ, ಹಳೇ ಪರದೆಯ ಕೋಟು, ಗುಂಡಿಗಳ ಕಿರೀಟ. ಬಹುಮಾನಕ್ಕಲ್ಲ, ಮಾರಾಟಕ್ಕಲ್ಲ. ಹಿಂದಿನ ಶಾಲೆಯಲ್ಲಿ ಮಾಡುತ್ತಿದ್ದಂತೆ ವರ್ಷಕ್ಕೊಂದು ದೊಡ್ಡ ವೇಷ ಹೊಲಿದು, ಶಾಲಾ ವರ್ಷದ ಕೊನೆಯ ದಿನ ಅದನ್ನು ತೊಟ್ಟು ಗೇಟಿನಲ್ಲಿ ನಿಂತು ಮಕ್ಕಳನ್ನು ಬೀಳ್ಕೊಡುವುದು, ಅಷ್ಟೇ.

"ಯಾಕೆ ಇಷ್ಟೆಲ್ಲ ಕಷ್ಟ?" ಒಂದು ದಿನ ಕೇಳಿದಳು.

"ಮಕ್ಕಳಿಗೆ ಮಾಡಿ ಮಾಡಿ ಅಂತೀನಿ. ನಾನು ಕೈ ಕಟ್ಕೊಂಡು ಕೂತ್ರೆ ಯಾವ ಮುಖ ಇಟ್ಕೊಂಡು ಹೇಳಲಿ?"

ಆಮೇಲೆ ಅವಳೂ ಸ್ಕೇಲು ಹಿಡಿದು ಕೂತಳು. ಯಾವ ಸಾಲಿಗೆ ಎಷ್ಟು ಗರಿ, ನಡುವೆ ಎಷ್ಟು ಜಾಗ, ಎಲ್ಲ ಲೆಕ್ಕ ಅವಳದು. ಅಂಟು ಮೆತ್ತಿದ, ಸೂಜಿ ಚುಚ್ಚಿ ಗಟ್ಟಿಯಾದ ಅವನ ಬೆರಳುಗಳನ್ನು ನೋಡುತ್ತಾ ಲೆಕ್ಕ ತಪ್ಪುತ್ತಿದ್ದಳು. 'ಈ ಮನುಷ್ಯನಿಗೆ ಯಾವುದೂ ಕಸ ಅಲ್ಲವಲ್ಲ...' ಅನ್ನಿಸಿ ಎದೆ ತುಂಬಿ ಬರುತ್ತಿತ್ತು. ಪ್ರೀತಿ ಅಂದರೆ ಇದೇ ಇರಬೇಕು ಎಂದು ಗೊತ್ತಾಗಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು. ಗಣಿತದಲ್ಲಿ ಇಷ್ಟು ನಿಧಾನ ಇರಲಿಲ್ಲ ಅವಳು.

ಹೇಳಿಯೇ ಬಿಡೋಣ ಎಂದು ಒಂದು ಭಾನುವಾರ ಅವನ ಮನೆಗೆ ಹೋದಳು. ಬಾಗಿಲು ತೆರೆದದ್ದು ಅವನ ತಾಯಿ.

"ಅಂಟು ತರೋಕೆ ಹೋಗಿದಾನಮ್ಮ. ಮೇಲೆ ಅವನ ರೂಮಲ್ಲಿ ಕೂತಿರು, ಬಂದುಬಿಡ್ತಾನೆ. ಅಲ್ಲಿರೋ ಬೊಂಬೆ ಮಾತ್ರ ಮುಟ್ಟಬೇಡ. ಯಾವಳಿಗೋ ಹೊಲೀತಿದಾನೆ, ಯಾರು ಅಂದ್ರೆ ಬಾಯೇ ಬಿಡಲ್ಲ."

ಅವಳು ಎರಡೆರಡು ಮೆಟ್ಟಿಲು ದಾಟಿ ಹತ್ತಿದಳು. ಯಾವಳಿಗೋ ಅಂದರೆ... ನನಗಾ?

ಕಿಟಕಿಯ ಪಕ್ಕ ಹಳೇ ಪೇಪರು ತುಂಬಿ ಮಾಡಿದ ಹೆಣ್ಣಿನ ಅಳತೆಯ ಬೊಂಬೆ. ಅದರ ಮೈಮೇಲೆ ಗರಿಗಳ ನಿಲುವಂಗಿ. ಅಷ್ಟು ಚೆಂದದ ಬಟ್ಟೆಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆದರೆ ಬೊಂಬೆಯ ಎಡ ಭುಜ ಕೊಂಚ ಇಳಿಬಿದ್ದಿತ್ತು.

ಸ್ಕೇಲ್ ಮೇಡಂ ಅಲ್ಲವೇ? ಮುಟ್ಟದೆಯೇ ಸ್ಕೇಲು ಹಿಡಿದು ಅಳೆದಳು. ಅರ್ಧ ಇಂಚು ವ್ಯತ್ಯಾಸ. ತಿರುಗಿ ಗೋಡೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಎರಡು ಭುಜವೂ ಗೆರೆ ಎಳೆದ ಹಾಗೆ ಸಮ.

'ನಾನಲ್ಲ... ಇದು ನಾನಲ್ಲ.'

ಗರಿಯ ತುದಿಯಲ್ಲಿ ಅವಳದೇ ಕೆಂಪು ಇಂಕು ಇತ್ತು. ಅದೂ ಇನ್ನೊಬ್ಬಳ ಹೆಗಲಿಗೆ! ಅವನ ತಾಯಿಗೆ ತಲೆನೋವು ಎಂದು ಹೇಳಿ ಮನೆಗೆ ಬಂದುಬಿಟ್ಟಳು.

ಶಾಲೆಯ ಬೇರೆ ಊರಿನ ಶಾಖೆಗೆ ಹೋಗುವವರು ಯಾರೆಂದು ಹೆಡ್‌ಮಾಸ್ಟರು ಕೇಳುತ್ತಲೇ ಇದ್ದರು. ಕೊನೆಯ ದಿನ ಮಧ್ಯಾಹ್ನದೊಳಗೆ ಒಪ್ಪಿಗೆ ಪತ್ರ ಕೊಡುತ್ತೇನೆ ಎಂದಳು.

"ಹೋಗ್ತೀರಂತೆ?" ಕಾರಿಡಾರಿನಲ್ಲಿ ಅವನು ತಡೆದು ಕೇಳಿದ.

"ನಿಮ್ಮ ಅಳತೆಗೆ ನಾನು ಹೊಂದಲ್ಲ ಸರ್."

ಅವನ ಮುಖ ಬಾಡಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕೊನೆಯ ದಿನ ಬೆಳಿಗ್ಗೆ, ಪತ್ರ ಬ್ಯಾಗಿನಲ್ಲಿತ್ತು. ಅವಳನ್ನು ಸಾಕಿದ ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಅವಳ ಹೊಸ ಅಂಗಿ ಮುಗಿಸುತ್ತಿದ್ದಳು. ಊರಿಗೆಲ್ಲ ಬಟ್ಟೆ ಹೊಲಿಯುವ ಕೈ ಅದು. ಅಂಗಿಯ ಎಡ ಭುಜದೊಳಗೆ ಚೂರು ಹತ್ತಿ ತುರುಕುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

"ಅದೇನು ಚಿಕ್ಕಮ್ಮ?"

ಚಿಕ್ಕಮ್ಮ ಸಿಕ್ಕಿಬಿದ್ದವಳಂತೆ ತಡವರಿಸಿದಳು. "ಏನಿಲ್ಲ ಕಣೇ... ನಿನ್ನ ಎಡ ಭುಜ ಅರ್ಧ ಇಂಚು ಕೆಳಗಿದೆ. ನೀನು ಏಳನೇ ಕ್ಲಾಸಲ್ಲಿದ್ದಾಗ ನೋಡಿದ್ದು. ಹುಡುಗಿ ಮನಸ್ಸಿಗೆ ಹಚ್ಕೊಂಡಾಳು ಅಂತ ಪ್ರತಿ ಬಟ್ಟೆಗೂ ಹತ್ತಿ ಇಟ್ಟು ಹೊಲೀತಾ ಬಂದೆ."

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇಪ್ಪತ್ತು ವರ್ಷ ಬ್ಯಾಗಿಗೆ ಬೈದಿದ್ದಳಲ್ಲ!

"ಕತ್ತರಿ ಕೊಡು ಚಿಕ್ಕಮ್ಮ."

"ಯಾಕೇ? ನಾನು ಮಾಡಿದ್ದು ತಪ್ಪಾಯ್ತಾ?"

"ಇಲ್ಲ. ನೀನು ನನ್ನನ್ನ ಚೆನ್ನಾಗಿ ನೋಡ್ಕೊಂಡೆ. ಇನ್ನು ಸಾಕು, ಹೀಗೇ ಇರ್ತೀನಿ."

ತೊಟ್ಟಿದ್ದ ಅಂಗಿಯ ಹೊಲಿಗೆ ಬಿಚ್ಚಿ ಹತ್ತಿ ತೆಗೆದಿಟ್ಟು, ಬೀದಿಗಿಳಿದಳು. ಒಂದು ಕಡೆ ಸಡಿಲ ಬಿದ್ದ ಅಂಗಿಯಲ್ಲಿ ಓಡುತ್ತಿದ್ದ ಸ್ಕೇಲ್ ಮೇಡಂರನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ಚಿತ್ರಕಲೆ ಕೋಣೆಯಲ್ಲಿ, ಮನೆಯಿಂದ ತಂದಿದ್ದ ಬೊಂಬೆಯ ಮುಂದೆ ಅವನು ನೆಲದ ಮೇಲೆ ಕೂತಿದ್ದ. ನಿಲುವಂಗಿಯ ಮೊದಲ ಗರಿಯನ್ನು ಬಿಚ್ಚತೊಡಗಿದ್ದ. ಸಿಟ್ಟಿನಲ್ಲೂ ಹಾಳೆ ಹರಿಯದಂತೆ ಬಿಚ್ಚುವ ಕೈ.

"ಬಿಚ್ಚಬೇಡಿ," ಎಂದಳು ಏದುಸಿರಿನಲ್ಲಿ. "ಅದು ನಂದು. ನಂದೇ ತಾನೇ?"

ಅವನು ತಲೆ ಎತ್ತಿದ. ಕಣ್ಣು ಅವಳ ಎಡ ಭುಜದ ಮೇಲೆ ನಿಂತಿತು. "ಕೊನೇ ದಿನ ಇಬ್ಬರೂ ಗೇಟಲ್ಲಿ ನಿಲ್ಲೋಣ ಅಂತ... ಕೇಳೋಕೆ ಧೈರ್ಯ ಬರಲಿಲ್ಲ. ಹೊಲಿದು ಕೊಟ್ರೆ ಅರ್ಥ ಆಗುತ್ತೆ ಅಂದ್ಕೊಂಡೆ."

"ನನಗೇ ಗೊತ್ತಿರಲಿಲ್ಲ ಭುಜದ ವಿಷಯ. ನಿಮಗೆ ಹೇಗೆ ಗೊತ್ತಾಯ್ತು?"

"ಮೊದಲನೇ ದಿನವೇ. ಎಡಗಡೆಯಿಂದ ಬ್ಯಾಗು ಜಾರಿತಲ್ಲ. ಆಮೇಲೆ ದಿನಾ ನೋಡ್ತಿದ್ದೆ."

ಅವಳು ಬೆನ್ನು ತಿರುಗಿಸಿ ನಿಂತಳು. ಅವನು ನಿಲುವಂಗಿ ತೊಡಿಸಿದ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ತನ್ನ ಮೈಗೆ ಸರಿಯಾದ ಬಟ್ಟೆ ಅವಳಿಗೆ ಅದೇ ಮೊದಲು. ಕಣ್ಣೀರು ತಾನಾಗಿ ಇಳಿಯಿತು.

"ನೀವು ಬಂದಾಗ ಕೈ ಜಾರಿ ಭುಜದ ಹತ್ರ ಒಂದು ಗರಿ ಹರಿದುಹೋಯ್ತು," ಎಂದ ಅವನು ಅಪರಾಧಿಯಂತೆ. "ಹಾಳೆಯೆಲ್ಲ ಮುಗಿದಿದೆ."

ಬ್ಯಾಗಿನಿಂದ ಒಪ್ಪಿಗೆ ಪತ್ರ ತೆಗೆದು ಅವನ ಕೈಗಿಟ್ಟಳು. "ಇದರಲ್ಲಿ ಕೆಂಪು ಇಲ್ಲ. ನಡೆಯುತ್ತಾ?"

ಅವನು ಅದನ್ನು ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳಿಗೇ ಕೊಟ್ಟ.

"ತಪ್ಪು ಅಂತ ಗುರುತು ಹಾಕಿ ಮೇಡಂ. ಕತ್ತರಿಸ್ತೀನಿ."

ಅವಳು ಪತ್ರದ ಉದ್ದಕ್ಕೂ ಕೆಂಪು ಗೆರೆ ಎಳೆದಳು. ಸ್ಕೇಲಿಲ್ಲದೆ ಎಳೆದ ಗೆರೆ ಓರೆಯಾಯಿತು.

"ಅಳಿಸಿ ಮತ್ತೆ ಹಾಕ್ತೀರಾ?"

"ಇಲ್ಲ," ಎಂದಳು. "ಹೀಗೇ ಇರಲಿ."