ಕ್ಯಾಮೆರಾದ ಪಕ್ಕದ ಸ್ಟೂಲು

"ಸ್ವಲ್ಪ ಸಪ್ಪೆಯಾಗಿ ಓದ್ತೀಯಾ? ದಿನಸಿ ಚೀಟಿ ಓದ್ತಾರಲ್ಲ, ಹಾಗೆ."

ಲೈಲ್ ಬ್ರ್ಯಾನಕ್ ಡೊರೀನಳ ಹತ್ತಿರ ಆಡಿದ ಮೊದಲ ಮಾತೇ ಇದು. ಪ್ರೀತಿ ಶುರುವಾಗಲು ಇದಕ್ಕಿಂತ ಕೆಟ್ಟ ಮಾತು ಹುಡುಕಿದರೂ ಸಿಗಲಿಕ್ಕಿಲ್ಲ.

ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಅವಳಿಗದು ಮೊದಲ ದಿನ. ಹೊಸ ಟಿವಿ ಧಾರಾವಾಹಿ. ಲೈಲ್ ಅದರಲ್ಲಿ ಹೆಂಡತಿ ಸತ್ತ ದನದ ಡಾಕ್ಟರು. ಸೆಲೆಸ್ಟ್ ವ್ಯಾಂಡರ್‌ಮೀರ್ ಊರಿನ ಹೋಟೆಲಿನ ಒಡತಿ ಏಡಾ. ಸೆಲೆಸ್ಟ್ ತನ್ನ ಮುಖದ ಶಾಟು ಮುಗಿದ ಕೂಡಲೇ ನಾಯಿಮರಿಯನ್ನು ಕಂಕುಳಿಗೇರಿಸಿಕೊಂಡು ಮನೆಗೆ ಹೊರಟುಬಿಡುತ್ತಿದ್ದಳು. ಆಮೇಲೆ ಕ್ಯಾಮೆರಾ ಲೈಲ್ ಕಡೆ ತಿರುಗಿದಾಗ ಏಡಾಳ ಮಾತುಗಳನ್ನು ಓದಬೇಕಾದವಳು ಡೊರೀನ್. ಹಿಂದಿನ ಶಾಟಿನಲ್ಲಿ ಕಾಫಿ ಕಪ್ಪು ಯಾವ ಕೈಯಲ್ಲಿತ್ತು, ಟೋಪಿ ಎಷ್ಟು ವಾಲಿತ್ತು ಎಂದು ನೋಡಿಕೊಳ್ಳುವ ಕೆಲಸದ ಜೊತೆಗೆ ಇದೂ ಅವಳ ಪಾಲಿನದು. ಕ್ಯಾಮೆರಾಕ್ಕೆ ತಾಗಿದ ಹಾಗೆ ಒಂದು ಎತ್ತರದ ಸ್ಟೂಲು, ಅದರ ಮೇಲೆ ಅವಳು. ಅವನು ಅವಳ ಕಡೆ ನೋಡುತ್ತಾ ಏಡಾಳನ್ನು ಪ್ರೀತಿಸಬೇಕು.

ಫ್ರೆಸ್ನೋದ ಶಾಲೆಯ ನಾಟಕಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಹುಡುಗಿ. ತಾನೇ ಏಡಾ ಎಂಬಂತೆ ಜೀವ ತುಂಬಿ ಓದಿದಳು. ಲೈಲ್ ನಡುವೆ ತಡವರಿಸಿದ, ಎದ್ದು ಬಂದ, ತಗ್ಗಿದ ದನಿಯಲ್ಲಿ ಆ ಮಾತು ಹೇಳಿ ಹೋದ. ಡೊರೀನಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತನ್ನ ನಟನೆ ಇನ್ನೊಬ್ಬರ ಮಾತು ಮರೆಸುವಷ್ಟು ಕೆಟ್ಟದ್ದು ಎಂದು ಅವತ್ತೇ ತೀರ್ಮಾನಿಸಿಬಿಟ್ಟಳು. ಅಂದಿನಿಂದ ಏಡಾ ಅತ್ತರೂ ನಕ್ಕರೂ ಡೊರೀನಳ ಬಾಯಲ್ಲಿ ಅದು ಆಲೂಗಡ್ಡೆ, ಈರುಳ್ಳಿ, ಸೋಪು.

ಆದರೆ ಲೈಲ್‌ನ ಆ ನೋಟಕ್ಕೆ ಏನು ಹೇಳುವುದು?

ಅವನು ಮೊದಲು ಏನನ್ನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಕಣ್ಣಂಚಿನಲ್ಲಿ ಏನೋ ಸಡಿಲವಾಗುತ್ತಿತ್ತು. ವರ್ಷಗಟ್ಟಲೆ ಬೀಗ ಹಾಕಿದ್ದ ಮನೆಯ ಒಳಗೆ ಯಾರೋ ದೀಪ ಹಚ್ಚಿದ ಹಾಗೆ. ಸೆಟ್ಟಿನಲ್ಲಿ ಬಡಗಿಗಳೂ ಸುತ್ತಿಗೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು. ಪ್ರತಿ ಸಲವೂ ಡೊರೀನಳ ಮೈ ಜುಮ್ಮೆನ್ನುತ್ತಿತ್ತು. ಬೇಕೆಂದಾಗ ಮನುಷ್ಯನೊಬ್ಬ ಇಂಥದ್ದನ್ನು ಒಳಗಿನಿಂದ ತರಬಲ್ಲ ಎಂದರೆ ಅದು ದೊಡ್ಡ ವಿಸ್ಮಯವೇ ಸರಿ.

ಅಷ್ಟಕ್ಕೂ ಅವನು ಹುಟ್ಟು ಸ್ಟಾರ್ ಅಲ್ಲ. ನೆಬ್ರಾಸ್ಕಾದ ಜೋಳದ ಗೋದಾಮಿನಿಂದ ಬಸ್ಸು ಹತ್ತಿ ಬಂದವನು. ಕೌಬಾಯ್ ಚಿತ್ರಗಳಲ್ಲಿ ಗುಂಡು ತಿಂದು ಕುದುರೆಯಿಂದ ಬೀಳುವುದೇ ಮೊದಮೊದಲು ಅವನ ಕಸುಬು. "ಸತ್ತೂ ಸತ್ತೂ ಹೊಟ್ಟೆ ಹೊರ್ಕೊಂಡವನು ನಾನು" ಎಂದು ನಗುತ್ತಿದ್ದ. ಆಮೇಲೆ ಕಾಫಿ ಜಾಹೀರಾತು, ಮಧ್ಯಾಹ್ನದ ಧಾರಾವಾಹಿಯಲ್ಲಿ ಎಚ್ಚರವೇ ಬಾರದ ರೋಗಿ, ಸಿನಿಮಾಗಳಲ್ಲಿ ನಾಯಕನ ಗೆಳೆಯ. ಕಿವಿಯ ಮೇಲೆ ಕೂದಲು ನರೆತ ಮೇಲೆ ಈ ದನದ ಡಾಕ್ಟರು ಸಿಕ್ಕಿದ, ಇಡೀ ದೇಶ ಮಂಗಳವಾರದ ಸಂಜೆಗಳನ್ನು ಅವನಿಗೆ ಬರೆದುಕೊಟ್ಟಿತು.

ಅವಳು ಸೋತದ್ದು ಆ ಹೆಸರಿಗಲ್ಲ. ಒಮ್ಮೆ ಅಂಗಡಿಯ ಮುದುಕಿಯ ಪಾತ್ರಕ್ಕೆ ಒಬ್ಬಾಕೆ ಬಂದಿದ್ದರು, ಒಂದೇ ಒಂದು ಮಾತಿನ ಪಾತ್ರ. ಕ್ಯಾಮೆರಾ ಅವರ ಮೇಲೆ. ಲೈಲ್ ಜ್ವರದಲ್ಲಿ ನಡುಗುತ್ತಿದ್ದರೂ ಕ್ಯಾಮೆರಾದ ಪಕ್ಕ ನಿಂತು ತನ್ನ ಮಾತುಗಳನ್ನು ಪೂರ್ತಿ ಮನಸ್ಸಿಟ್ಟು ಆಡಿದ.

"ಲೈಲ್, ಶಾಟಲ್ಲಿ ನಿನ್ನ ಒಂದು ಕೂದಲೂ ಕಾಣಲ್ಲಪ್ಪ, ಹೋಗಿ ಮಲಕ್ಕೋ" ಎಂದು ನಿರ್ದೇಶಕ ಮೋ ಫೆಲ್ಡ್‌ಶರ್ ಗೊಣಗಿದ.

"ಅವರಿಗೆ ಕೇಳಿಸುತ್ತಲ್ಲ" ಎಂದ ಲೈಲ್.

ಡೊರೀನ್ ಅವನಿಗೆ ಮನಸೋತದ್ದು ಆವತ್ತು. ಅಂದಿನಿಂದ ಅವನ ಮುಖದ ಶಾಟು ಬಂತೆಂದರೆ ಮೂಲೆಗೆ ಹೋಗಿ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿಕೊಂಡು ಸ್ಟೂಲು ಹತ್ತುತ್ತಿದ್ದಳು.

"ತಾಯಿ, ಕ್ಯಾಮೆರಾ ಆ ಕಡೆ ತಿರುಗಿದೆ" ಎಂದು ಲೈಟಿನ ಆಸ್ವಾಲ್ಡೊ ಕಾಲೆಳೆಯುತ್ತಿದ್ದ.

"ನಿನ್ನ ಲೈಟ್ ನೋಡ್ಕೊ" ಎನ್ನುತ್ತಿದ್ದಳು, ಕೆನ್ನೆ ಕೆಂಪಾಗಿಸಿಕೊಂಡು.

ಆ ನೋಟ ಏಡಾಳದ್ದು, ತನ್ನದಲ್ಲ ಎಂದು ಮನಸ್ಸಿಗೆ ದಿನವೂ ಬುದ್ಧಿ ಹೇಳುತ್ತಿದ್ದಳು. ಪಕ್ಕದ ಎಲೆಗೆ ಬಡಿಸಿದ ಪಾಯಸ ನೋಡಿಕೊಂಡೇ ವರ್ಷಗಳು ಕಳೆದವು.

ಈಗ ಧಾರಾವಾಹಿಯ ಕೊನೆಯ ದಿನ. ಲೈಲ್ ನ್ಯೂಯಾರ್ಕಿನಲ್ಲಿ ನಾಟಕ ಒಪ್ಪಿಕೊಂಡಿದ್ದ, ಮುಂದಿನ ವಾರ ಹೊರಡುವವನು. ಆ ನೋಟ ಯಾರದ್ದೆಂದು ಇವತ್ತು ತಿಳಿಯದಿದ್ದರೆ ಇನ್ನೆಂದೂ ತಿಳಿಯುವುದಿಲ್ಲ. ಕೇಳುವುದಂತೂ ಅವಳ ಕೈಲಾಗದು. ನಟನೊಬ್ಬನ ನೋಟವನ್ನು ನಿಜವೆಂದು ನಂಬಿ ನಗೆಪಾಟಲಾದವರ ಕಥೆಗಳಿಗೆ ಆ ಊರಿನಲ್ಲಿ ಬರವಿಲ್ಲ.

ಕೊನೆಯ ದೃಶ್ಯ, ಹೋಟೆಲಿನ ವರಾಂಡ. ಡಾಕ್ಟರಿಗೆ ದೊಡ್ಡ ಊರಿನಿಂದ ಕರೆ ಬಂದಿದೆ. ಸೆಲೆಸ್ಟ್ ತನ್ನ ಪಾಲು ಮುಗಿಸಿ ಎಲ್ಲರನ್ನೂ ತಬ್ಬಿ, ಅತ್ತು, ನಾಯಿಯೊಡನೆ ಹೋಗಿದ್ದಳು. ಕ್ಯಾಮೆರಾ ತಿರುಗಿತು. ಡೊರೀನ್ ಸ್ಟೂಲು ಹತ್ತಿ ಓದತೊಡಗಿದಳು.

"ಉಳ್ಕೊ ಅಂತ ನಾನು ಕೇಳಲ್ಲ. ಕೇಳಿದ್ರೆ ನೀನು ಉಳ್ಕೊಂಡುಬಿಡ್ತೀಯ. ಆಮೇಲೆ ಜೀವನಪೂರ್ತಿ ರಸ್ತೆ ನೋಡ್ಕೊಂಡು ಕೂತಿರ್ತೀಯ."

ಆಲೂಗಡ್ಡೆ, ಈರುಳ್ಳಿ ಎಂದೇ ಶುರುಮಾಡಿದ್ದಳು. 'ಉಳ್ಕೊ' ಎಂಬಲ್ಲಿ ದನಿ ಕೈಕೊಟ್ಟಿತು. ಮುಂದಿನದೆಲ್ಲ ಅವಳ ಒಳಗಿನಿಂದ ತಾನಾಗಿ ಬಂತು, ಕಾಗದದ ಮೇಲೆ ಕಣ್ಣೇ ಇರಲಿಲ್ಲ.

ಲೈಲ್ ಬಾಯಿ ತೆರೆದ. ಮಾತು ಬರಲಿಲ್ಲ.

ಇಷ್ಟು ವರ್ಷಗಳಲ್ಲಿ ಲೈಲ್ ಬ್ರ್ಯಾನಕ್ ಮಾತು ಮರೆತದ್ದನ್ನು ಆ ಮೊದಲ ದಿನ ಬಿಟ್ಟರೆ ಯಾರೂ ಕಂಡಿರಲಿಲ್ಲ.

"ಕಟ್" ಎಂದ ಮೋ. "ಎಲ್ಲ ಒಂದು ಕಾಫಿ ಕುಡೀರಿ."

ಡೊರೀನ್ ಹೊರಗೆ ಓಡಿದಳು. ಬಿಸಿಲಿನಲ್ಲಿ, ಕಾಫಿ ಡೋನಟ್ ಇಟ್ಟಿದ್ದ ಮೇಜಿನ ಹತ್ತಿರ ಲೈಲ್ ಅವಳನ್ನು ಹಿಡಿದ.

"ತಪ್ಪಾಯ್ತು ಲೈಲ್. ಕೊನೇ ಶಾಟು ಹಾಳ್ಮಾಡಿಬಿಟ್ಟೆ. ನೀನು ಮೊದಲ್ನೇ ದಿನಾನೇ ಹೇಳಿದ್ದೆ."

"ಏನು ಹೇಳಿದ್ದೆ?"

"ಸಪ್ಪೆಯಾಗಿ ಓದು ಅಂತ. ನನ್ನ ನಟನೆ ಕೆಟ್ಟದಾಗಿತ್ತಲ್ಲ."

ಲೈಲ್ ಅವಳನ್ನು ದಿಟ್ಟಿಸಿದ. ಆಮೇಲೆ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟ, ಸಕ್ಕರೆಯ ಡಬ್ಬಿಯೊಳಗೇ ಇಟ್ಟನೆಂಬುದು ಅವನಿಗೆ ಗೊತ್ತಾಗಲಿಲ್ಲ.

"ಕೆಟ್ಟದಾಗಿತ್ತು ಅಂತ ಯಾರಂದ್ರು? ನೀನು ಹಾಗೆ ಓದಿದ್ರೆ ನನಗೆ ಮಾತು ಮರ್ತೋಗುತ್ತೆ. ಆಗ್ಲೂ ಮರ್ತಿದ್ದೆ, ಈಗ್ಲೂ ಮರ್ತೆ. ಹೊಟ್ಟೆಪಾಡಿನ ಪ್ರಶ್ನೆ ಕಣೇ, ದಿನಾ ಮರೀತಾ ಕೂತ್ರೆ ನನ್ನ ಮತ್ತೆ ಕುದುರೆಯಿಂದ ಬೀಳೋಕೆ ಕಳಿಸ್ತಾರೆ."

ಡೊರೀನಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ತಮಾಷೆ ಮಾಡ್ಬೇಡ."

"ಬಾ ಒಳಗೆ. ಈ ಸಲ ಈಗ ಓದಿದ ಹಾಗೇ ಓದು. ಮರೆತ್ರೆ ಮರೀತೀನಿ."

ಅವಳು ಓದಿದಳು. ಅವನು ಮರೆಯಲಿಲ್ಲ. ಡಾಕ್ಟರಿಗೆ ಬರೆದುಕೊಟ್ಟಿದ್ದ ಮಾತನ್ನು ಆಡಿದ: "ನಾನು ರಸ್ತೆ ಕಡೆ ಯಾವತ್ತೂ ನೋಡ್ಲೇ ಇಲ್ಲ. ನೀನೆಲ್ಲಿದ್ಯೋ ಆ ಕಡೆ ನೋಡ್ತಿದ್ದೆ." ಆಗ ಬಂದ ನೋಟದ ಮುಂದೆ ಇಷ್ಟು ವರ್ಷದ ನೋಟಗಳೆಲ್ಲ ಬರೀ ತಾಲೀಮು. ಮೋ 'ಕಟ್' ಅನ್ನುವುದನ್ನೇ ಮರೆತ. ಫಿಲಂ ತನ್ನಷ್ಟಕ್ಕೆ ಓಡಿ ಮುಗಿಯಿತು.

ನಟನೊಬ್ಬನ ಕೆಲಸ ಮುಗಿದಾಗ ಸಹನಿರ್ದೇಶಕ ಅವನ ಹೆಸರು ಕೂಗಿ ಹೇಳುವುದು, ಎಲ್ಲರೂ ಚಪ್ಪಾಳೆ ತಟ್ಟುವುದು ಅಲ್ಲಿನ ಪದ್ಧತಿ. ಸಹನಿರ್ದೇಶಕ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಲೈಲ್ ಕೈ ಎತ್ತಿ ತಡೆದ.

"ಒಂದು ಶಾಟು ಬಾಕಿ ಇದೆ. ಫಿಲಂ ಬೇಡ. ಆಸ್ವಾಲ್ಡೊ, ಲೈಟ್ ಆರಿಸ್ಬೇಡ. ಡೊರೀನ್, ಬಂದು ನನ್ನ ಕುರ್ಚೀಲಿ ಕೂತ್ಕೊ."

"ನನಗೇನೂ ಬರಲ್ಲ ಲೈಲ್."

"ಕೂತ್ಕೊಳ್ಳೋಕೆ ಬರುತ್ತಲ್ಲ."

ಅವಳು ವರಾಂಡದ ಕುರ್ಚಿಯಲ್ಲಿ ಕೂತಳು. ಅವನು ಹೋಗಿ ಅವಳ ಸ್ಟೂಲು ಹತ್ತಿದ. ಡೊರೀನ್ ತಲೆಯೆತ್ತಿ ಆ ಕಡೆ ನೋಡಿದಳು, ಬೆಚ್ಚಿದಳು. ಎದುರಿಗೆ ಬರೀ ಬೆಳಕು. ಅದರಾಚೆ ಕತ್ತಲು. ಕ್ಯಾಮೆರಾ ಇಲ್ಲ, ಸ್ಟೂಲಿಲ್ಲ, ಲೈಲ್ ಇಲ್ಲ.

"ಲೈಲ್, ಇಲ್ಲಿಂದ ಏನೂ ಕಾಣಲ್ಲ."

"ಹೌದು, ಕಾಣಲ್ಲ."

"ಹಾಗಾದ್ರೆ ಇಷ್ಟು ವರ್ಷ ನಿನಗೆ ನಾನು..."

"ಒಂದು ದಿನಾನೂ ಕಂಡಿಲ್ಲ. ದನಿ ಕೇಳಿಸ್ತಿತ್ತು. ಅಲ್ಲಿದ್ದೀಯ ಅಂತ ಗೊತ್ತಿತ್ತು. ನನಗೆ ಅಷ್ಟೇ ಸಾಕಾಗ್ತಿತ್ತು."

ಕತ್ತಲಿನಲ್ಲಿ ಆಸ್ವಾಲ್ಡೊ ಕಿಸಕ್ಕನೆ ನಕ್ಕ. "ಅಯ್ಯೋ, ಆ ತುಟಿ ಬಣ್ಣ ಎಲ್ಲಾ ದಂಡ."

ಡೊರೀನಳೂ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಕತ್ತಲನ್ನು ನೋಡಿ ಆ ನೋಟ! ತನ್ನ ಸಪ್ಪೆ ದನಿಯೊಂದನ್ನೇ ಹಿಡಿದುಕೊಂಡು ಈ ಮನುಷ್ಯ ಅಷ್ಟೆಲ್ಲ ಕಟ್ಟಿದನಲ್ಲ ಎಂದು ಅವಳಿಗೆ ಮೈಮೇಲೆ ಮುಳ್ಳೆದ್ದಿತು.

"ಈಗ ನಿನ್ನ ಮಾತು ನಾನು ಓದ್ತೀನಿ, ನಿನ್ನ ಥರಾನೇ" ಎಂದ ಲೈಲ್. ಕಾಗದ ಸರಿದ ಸದ್ದು. "ಉಳ್ಕೊ ಅಂತ ನಾನು..."

ನಿಲ್ಲಿಸಿದ. ಮತ್ತೆ ಶುರುಮಾಡಿದ. ದನಿ ನಡುಗಿತು. ಹೆಣವಾಗಿ, ರೋಗಿಯಾಗಿ, ಡಾಕ್ಟರಾಗಿ ನಟಿಸಿದ್ದ ಲೈಲ್ ಬ್ರ್ಯಾನಕ್‌ಗೆ ಒಂದು ಸಾಲನ್ನು ದಿನಸಿ ಚೀಟಿಯ ಹಾಗೆ ಓದಲು ಆಗಲಿಲ್ಲ.

"ಸಾಧ್ಯವೇ ಇಲ್ಲ ಇದು" ಎಂದ ಕೊನೆಗೆ. "ಇಷ್ಟು ವರ್ಷ ಹೇಗೆ ಓದಿದೆ ನೀನು? ನಮ್ಮಿಬ್ಬರಲ್ಲಿ ನಟರು ಯಾರು ಹೇಳು?"

ಕತ್ತಲಲ್ಲಿ ಅವನು ಕಾಗದ ಮಡಚಿದ ಸದ್ದು.

"ನ್ಯೂಯಾರ್ಕಲ್ಲಿ ಸ್ಟೇಜಿನ ಮುಂದೆ ಇದೇ ಬೆಳಕು, ಇದೇ ಕತ್ತಲು. ಅಲ್ಲಿ ನೀನಿಲ್ಲದಿದ್ರೆ ನಾನು ಯಾವ ಕಡೆ ನೋಡ್ಲಿ ಡೊರೀನ್?"

ಡೊರೀನ್ ಕಣ್ಣು ಕುಕ್ಕುವ ಬೆಳಕಿನಾಚೆಗೆ, ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಕಾಣುವುದು ಬೇಕಿರಲಿಲ್ಲ.

"ನಾನು ಬಂದು ಕೂತಿರ್ತೀನಿ" ಎಂದಳು. "ಆದ್ರೆ ಮಾತು ಮರೆತ್ರೆ ನನ್ನ ಬೈಬಾರ್ದು."

ಸಹನಿರ್ದೇಶಕ ಆಗ ಲೈಲ್‌ನ ಹೆಸರು ಕೂಗಿದ. ಸ್ವಲ್ಪ ತಡೆದು, ಪದ್ಧತಿಯಲ್ಲಿ ಇಲ್ಲದ್ದಾದರೂ, ಡೊರೀನಳ ಹೆಸರನ್ನೂ ಕೂಗಿದ.